ಮನಸ್ಸಿಗೆ ಚಿಕಿತ್ಸೆ: ನಿಮಗೆ ಹೊಂದುವವರನ್ನು ಹುಡುಕುವುದು ಹೇಗೆ?

ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಈಗ ನಡೆಯುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೇರು ಇರುವುದು ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಇಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಔಷಧಿ ಸಿಗುವಂತೆ ಮಾಡಿದರು. ಅದಕ್ಕೆ 'ಬಳ್ಳಾರಿ ಮಾದರಿ' ಎಂದೇ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಅದನ್ನೇ ಹಿಡಿದು ಬೇರೆ ಜಿಲ್ಲೆಗಳಿಗೆ ಒಯ್ದಿತು. ಇಷ್ಟಾದರೂ ಇವತ್ತು ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ, 'ಬೆಂಗಳೂರಿಗೆ ಕರ್ಕೊಂಡ್ ಹೋಗ್ರಿ' ಅನ್ನುವವರೇ ಜಾಸ್ತಿ.

ಬೆಂಗಳೂರಿಗೆ ಹೋಗಲೇಬೇಕಾದ ಸಂದರ್ಭ ಕಡಿಮೆ. ದೊಡ್ಡ ಹೆಸರಿನವರೇ ಬೇಕಾದ ಸಂದರ್ಭ ಇನ್ನೂ ಕಡಿಮೆ. ನಿಮ್ಮ ತೊಂದರೆಗೆ ತಕ್ಕ ತರಬೇತಿ ಚಿಕಿತ್ಸೆ ಕೊಡುವವರಿಗಿರಬೇಕು. ಕೆಲವು ತಿಂಗಳು ಬಿಡದೆ ಹೋಗಿಬರುವಷ್ಟು ಹತ್ತಿರ ಇರಬೇಕು. ಎದುರು ಕೂತಾಗ ನಿಮಗೆ ಬಾಯಿ ಬಿಡಬೇಕು ಅನಿಸಬೇಕು. ಇಂಥವರನ್ನು ಹುಡುಕಲು ಸ್ವಲ್ಪ ಓಡಾಟ ಇದೆ, ಆದರೆ ಆಗದ ಕೆಲಸವೇನಲ್ಲ.

ಒಂದು ಮಾತು ಮೊದಲೇ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಈ ಲೇಖನ ಆಮೇಲೆ ಓದಿ. ಈಗ ಉಚಿತ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಇಲ್ಲವೇ ಮನೆಯವರಲ್ಲಿ ಒಬ್ಬರಿಗೆ ಹೇಳಿ ಹತ್ತಿರದ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಹೊಲಕ್ಕೆ ಹೊಡೆಯಲು ತಂದ ಎಣ್ಣೆ, ಗುಳಿಗೆ ಏನಿದ್ದರೂ ಮನೆಯವರು ಬೇರೆ ಕಡೆ ಬೀಗ ಹಾಕಿ ಇಡಲಿ. 'ಪೊಲೀಸ್ ಕೇಸ್ ಆಗ್ತದ' ಅನ್ನುವ ಹೆದರಿಕೆಗೆ ಆಸ್ಪತ್ರೆಗೆ ಹೋಗದೆ ಕೂರಬೇಡಿ. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಅವರಿಗೆ ಶಿಕ್ಷೆ ಕೊಡುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಮೊದಲು ನಿಮ್ಮದೇ ಒಂದು ಚೀಟಿ ಬರೆಯಿರಿ

ನಮ್ಮ ಕಡೆ ಮನಸ್ಸಿನ ತೊಂದರೆ ಮನಸ್ಸಿನ ಹೆಸರಲ್ಲಿ ಬರುವುದು ಅಪರೂಪ. 'ಎದಿ ಡವಡವ ಅಂತದ', 'ತಲಿ ಬಿಸಿ ಆಗ್ತದ', 'ಗ್ಯಾಸ್ ಆಗೈತಿ', 'ಕೈಕಾಲಾಗ ಶಕ್ತಿನೇ ಇಲ್ಲ' ಅಂತಲೇ ಶುರು. ಇಸಿಜಿ ಆಗುತ್ತದೆ, ಸ್ಕ್ಯಾನ್ ಆಗುತ್ತದೆ, ಎಲ್ಲ ನಾರ್ಮಲ್ ಅಂತ ಬರುತ್ತದೆ. ಆಮೇಲೆ 'ಏನಿಲ್ಲ, ಟೆನ್ಷನ್ ತಗೋಬ್ಯಾಡ' ಅಂತ ಕಳಿಸುತ್ತಾರೆ. ತೊಂದರೆ ಮಾತ್ರ ಹಾಗೇ ಇರುತ್ತದೆ, ಅಲ್ವಾ? ಹಾಗಂತ ರಕ್ತ ಪರೀಕ್ಷೆ ದಂಡ ಎಂದು ಬಿಡಬೇಡಿ. ಥೈರಾಯ್ಡ್ ಏರುಪೇರಾದರೂ ಮನಸ್ಸು ಕುಗ್ಗುತ್ತದೆ, ಎದೆ ಬಡಿತ ಹೆಚ್ಚುತ್ತದೆ. ರಕ್ತ ಕಡಿಮೆ ಇದ್ದರೂ ಸುಸ್ತು ಬಿಡುವುದಿಲ್ಲ. ಅದನ್ನೊಮ್ಮೆ ನೋಡಿಸಿಕೊಂಡು ಮುಂದೆ ಹೋಗಿ.

ಚೀಟಿಯಲ್ಲಿ ಇಷ್ಟು ಸಾಕು: ಯಾವಾಗಿನಿಂದ, ನಿದ್ದೆ ಹೇಗಿದೆ, ಊಟ ಹೇಗಿದೆ, ಇದರಿಂದ ಯಾವ ಕೆಲಸ ನಿಂತಿದೆ. ಕೊನೆಯದು ಮುಖ್ಯ. 'ಮನಸ್ಸು ಸರಿ ಇಲ್ಲ' ಎನ್ನುವುದಕ್ಕಿಂತ 'ದೀಪಾವಳಿ ಆದಾಗಿನಿಂದ ಅಂಗಡಿಗೆ ಹೋಗಿ ಕೂರಲು ಆಗುತ್ತಿಲ್ಲ, ಗಿರಾಕಿ ಬಂದರೆ ಬೆವರುತ್ತೇನೆ' ಎಂದು ಬರೆದರೆ ಎದುರಿನವರಿಗೆ ಅರ್ಧ ದಾರಿ ಕಾಣುತ್ತದೆ. ಸದ್ಯ ತೆಗೆದುಕೊಳ್ಳುತ್ತಿರುವ ಔಷಧಿ, ಕುಡಿತ, ಗುಟ್ಕಾ ಎಲ್ಲ ಬರೆಯಿರಿ. ಕೆಳಗೆ ಒಂದು ಸಾಲು: ನನಗೆ ಏನು ಬೇಕು? ಗುಳಿಗೆಯೋ, ಮಾತಾಡಲು ಒಬ್ಬರೋ, ಎರಡೂನೋ, ಅಥವಾ ಇದು ಏನು ಅಂತ ತಿಳಿದರೆ ಸಾಕೋ?

ಯಾರು ಏನು ಮಾಡುತ್ತಾರೆ

ಜನ ಜಾಸ್ತಿ ಎಡವುವುದು ಇಲ್ಲೇ. ಮಾತಾಡಬೇಕು ಅಂತ ಹೋದವರಿಗೆ ಐದು ನಿಮಿಷದಲ್ಲಿ ಗುಳಿಗೆ ಚೀಟಿ ಸಿಗುತ್ತದೆ. ಗುಳಿಗೆಯೇ ಬೇಕಾದವರು ತಿಂಗಳುಗಟ್ಟಲೆ ಯಾರದೋ ಉಪದೇಶ ಕೇಳಿಕೊಂಡು ಕೂರುತ್ತಾರೆ.

ಮನೋವೈದ್ಯರು ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಅಥವಾ ಅದಕ್ಕೆ ಸಮನಾದ ಓದು ಮುಗಿಸಿದವರು. ಔಷಧಿ ಬರೆಯುವ ಅಧಿಕಾರ ಇವರಿಗಿದೆ. ಯಾರೂ ಇಲ್ಲದಾಗ ಮಾತು ಕೇಳಿಸುವುದು, ಇಲ್ಲದ ಅನುಮಾನ, ರಾತ್ರಿಯಿಡೀ ನಿದ್ದೆಯಿಲ್ಲದೆ ಅತಿಯಾದ ಹುರುಪು, ಊಟ ಬಿಟ್ಟು ಮಲಗಿಬಿಡುವುದು, ಕುಡಿತ ಬಿಡಿಸುವುದು — ಇಂಥದ್ದಕ್ಕೆ ನೇರ ಇವರ ಹತ್ತಿರವೇ ಹೋಗಬೇಕು.

ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧಿ ಕೊಡುವುದಿಲ್ಲ. ಅವರದು ಮಾತಿನ ಚಿಕಿತ್ಸೆ ಮತ್ತು ಪರೀಕ್ಷೆಗಳು. ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಆಮೇಲೆ ಎರಡು ವರ್ಷ ಎಂ.ಫಿಲ್. ಮಾಡಿದವರೇ ಇವರಲ್ಲಿ ಜಾಸ್ತಿ. ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಇವರ ಹೆಸರು ನೋಂದಣಿ ಆಗಿರಬೇಕು. ಆ ನಂಬರ್ ಕೇಳಿ, ಪರಿಷತ್ತಿನ ವೆಬ್‌ಸೈಟ್‌ನಲ್ಲಿ ಹಾಕಿ ನೋಡಬಹುದು. ಕೇಳಿದರೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಹೋಗಲೇಬೇಡಿ. ಮನೋಸಾಮಾಜಿಕ ಕಾರ್ಯಕರ್ತರು ಮನೆ, ಗಂಡ-ಹೆಂಡತಿ, ಕೆಲಸ, ಸರ್ಕಾರದ ಸೌಲಭ್ಯ ಎಲ್ಲವನ್ನೂ ಸೇರಿಸಿ ನೋಡುತ್ತಾರೆ. ಮನೆಯ ಜಗಳವೇ ಕಾಯಿಲೆಯ ಮೂಲವಾಗಿದ್ದರೆ ಇವರಿಂದ ಬಹಳ ಉಪಯೋಗ.

ಇನ್ನು 'ಕೌನ್ಸೆಲರ್' ಎಂಬ ಬೋರ್ಡ್. ಒಳ್ಳೆಯ ತರಬೇತಿ ಪಡೆದವರೂ ಈ ಬೋರ್ಡ್ ಹಾಕುತ್ತಾರೆ, ವಾರದ ಆನ್‌ಲೈನ್ ಕೋರ್ಸ್ ಮಾಡಿದವರೂ ಹಾಕುತ್ತಾರೆ. ಬೋರ್ಡ್ ನೋಡಿ ಒಳಗೆ ಹೋಗಬೇಡಿ. ಏನು ಓದಿದ್ದಾರೆ, ಎಲ್ಲಿ ಕೆಲಸ ಕಲಿತರು ಎಂದು ಕೇಳಿ. 'ಮೂರೇ ದಿನದಲ್ಲಿ ಗ್ಯಾರಂಟಿ' ಅಂದರೆ ಅಲ್ಲಿಂದಲೇ ನಮಸ್ಕಾರ ಹೇಳಿ ಬನ್ನಿ.

ಎಲ್ಲಿ ಹುಡುಕುವುದು

ಸರ್ಕಾರಿ ಆಸ್ಪತ್ರೆಯಿಂದಲೇ ಶುರು ಮಾಡಿ ಎನ್ನುವುದು ನನ್ನ ಸಲಹೆ. ಹಣ ಉಳಿಯುವುದಷ್ಟೇ ಅಲ್ಲ, ಮನೋವೈದ್ಯರು ಮತ್ತು ಸೈಕಾಲಜಿಸ್ಟ್ ಒಂದೇ ಕಡೆ ಸಿಗುವ ಸಾಧ್ಯತೆ ಅಲ್ಲೇ ಹೆಚ್ಚು. ವಿಮ್ಸ್ ಎಂದೇ ಎಲ್ಲರ ಬಾಯಲ್ಲಿರುವ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಮೂರರಲ್ಲೂ ಮನೋವೈದ್ಯ ವಿಭಾಗ ಇದೆ. ಜಿಲ್ಲೆಗೊಂದು ಡಿಎಂಎಚ್‌ಪಿ, ಅಂದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವೂ ಇರುತ್ತದೆ. 'ಮನೋಚೈತನ್ಯ' ಹೆಸರಿನಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯೂ ಇದೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದಂಥ ಕಡೆ ಇರುವವರು ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತುವ ಮೊದಲು ತಮ್ಮ ತಾಲೂಕು ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಬರುತ್ತಾರೆ ಎಂದು ಕೇಳಿಕೊಳ್ಳಿ.

ಒಪಿಡಿಯಲ್ಲಿ ಗದ್ದಲ ಇರುತ್ತದೆ, ಅದು ಇರುವುದೇ ಹಾಗೆ. ಬೆಳಿಗ್ಗೆ ಚೀಟಿ ಮಾಡಿಸುವ ಕಡೆಯೇ ಸಾಲು. ಡಾಕ್ಟರ್ ಮುಂದೆ ಕೂತಾಗ ಬಾಗಿಲಲ್ಲಿ ಇನ್ನಿಬ್ಬರು ಇಣುಕುತ್ತಿರುತ್ತಾರೆ. ಅಲ್ಲಿ ಎಲ್ಲ ಹೇಳಲು ಆಗುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಬರೆದ ಚೀಟಿ ಕೈಗೆ ಕೊಡಿ. 'ಸರ್, ಸೈಕಾಲಜಿಸ್ಟ್ ಹತ್ರ ಕೂತು ಮಾತಾಡಬೇಕಿತ್ತು, ಯಾವಾಗ ಬರಲಿ?' ಎಂದು ಬಾಯಿಬಿಟ್ಟು ಕೇಳಿ. ಕೇಳಿದವರಿಗೆ ಗದ್ದಲ ಕಡಿಮೆ ಇರುವ ಹೊತ್ತು ಕೊಡುತ್ತಾರೆ. ಕೇಳದವರಿಗೆ ಗುಳಿಗೆ ಮಾತ್ರ.

ಎಲ್ಲಿಗೂ ಹೋಗಲು ಧೈರ್ಯ ಸಾಲದವರಿಗೆ ಟೆಲಿ ಮಾನಸ್ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸಹಾಯವಾಣಿ, ನಂಬರ್ ಅದೇ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಜಿಲ್ಲೆಯಲ್ಲಿ ಯಾರ ಹತ್ತಿರ ಹೋಗಲಿ ಅಂತಲೂ ಕೇಳಬಹುದು.

ನಮ್ಮ ಊರುಗಳಲ್ಲಿ ಇನ್ನೊಂದು ತಾಪತ್ರಯ, ಎಲ್ಲರಿಗೂ ಎಲ್ಲರ ಗುರುತು. ಕ್ಲಿನಿಕ್ ಮುಂದೆ ಬೈಕ್ ನಿಲ್ಲಿಸಿದರೆ ಸಂಜೆಗೆ ಸೋದರಮಾವನ ಫೋನ್ ಬರುತ್ತದೆ. ಇದಕ್ಕೆ ಹೆದರುವವರು ಪಕ್ಕದ ಜಿಲ್ಲೆಯವರನ್ನೋ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಅನ್ನೋ ನೋಡಬಹುದು. ವಿಡಿಯೊದಲ್ಲಿ ಮಾತಾಡುವ ಥೆರಪಿಸ್ಟ್‌ಗಳೂ, ಅಂದರೆ ಮಾತಿನ ಚಿಕಿತ್ಸೆ ಕೊಡುವವರೂ ಇದ್ದಾರೆ. ಆದರೆ ಎರಡು ಕೋಣೆಯ ಮನೆಯಲ್ಲಿ ಅತ್ತೆ ಪಕ್ಕದಲ್ಲೇ ಅವರೆ ಸುಲಿಯುತ್ತಾ ಕೂತಿದ್ದರೆ ಯಾರು ತಾನೇ ಮನಬಿಚ್ಚಿ ಮಾತಾಡುತ್ತಾರೆ? ಜಾಗ ಮೊದಲು ಗೊತ್ತು ಮಾಡಿಕೊಳ್ಳಿ: ಮಾಳಿಗೆ, ಗೆಳತಿಯ ಮನೆ, ಹೊಲದ ಪಂಪ್‌ಸೆಟ್ ಕೋಣೆ, ನಿಲ್ಲಿಸಿದ ಕಾರು. ಅಲ್ಲಿ ನೆಟ್‌ವರ್ಕ್ ಸಿಗುತ್ತದಾ ಅಂತಲೂ ನೋಡಿ.

ಮೊದಲು ಫೋನ್, ಆಮೇಲೆ ಭೇಟಿ

ಖಾಸಗಿಯವರ ಹತ್ತಿರ ಹೋಗುವುದಾದರೆ ಸುಮ್ನೆ ಹೋಗಿ ಕೂರಬೇಡಿ, ಮೊದಲು ಫೋನ್ ಮಾಡಿ. ಮಾತು ಹೀಗೆ ಸಾಗಬಹುದು:

'ಹಲೋ, ಅಲ್ಲಿ ಕೌನ್ಸೆಲಿಂಗ್ ಮಾಡೋರು ಅದಾರೇನ್ರಿ?'

'ಅದಾರ್ರಿ. ಏನ್ ತ್ರಾಸ್ ಐತ್ರಿ?'

'ಅದನ್ನ ಅವರ ಹತ್ರನೇ ಹೇಳ್ತೀನ್ರಿ. ಮೇಡಮ್ಮೋರು ಏನು ಓದ್ಯಾರ್ರಿ?'

'ಎಂ.ಫಿಲ್. ಆಗೈತ್ರಿ, ಕ್ಲಿನಿಕಲ್ ಸೈಕಾಲಜಿ.'

'ಒಂದ್ ಸಲ ಕೂತ್ರ ಎಷ್ಟೊತ್ತು ಮಾತಾಡ್ತಾರ್ರಿ? ಫೀ ಎಷ್ಟ್ರಿ? ಬರಾಕ ಆಗ್ಲಿಲ್ಲಂದ್ರ ರೊಕ್ಕ ಹೋಗ್ತದೇನ್ರಿ?'

ಎಲ್ಲ ಕೇಳಬಹುದಾದ ಪ್ರಶ್ನೆಗಳೇ. ಮಾತಿನ ಚಿಕಿತ್ಸೆಗೆ ಒಂದು ಸಲಕ್ಕೆ 45ರಿಂದ 50 ನಿಮಿಷ ರೂಢಿ. ಹತ್ತು ನಿಮಿಷ ಅಂದರೆ ಅದು ಬೇರೆ ಏನೋ. ನಿಮ್ಮ ತೊಂದರೆಯಲ್ಲಿ ಅವರಿಗೆ ಅನುಭವ ಇದೆಯೇ ಎಂದು ಕೇಳುವುದು ಫೀ ಕೇಳುವುದಕ್ಕಿಂತ ಮುಖ್ಯ. ಪದೇ ಪದೇ ಕೈ ತೊಳೆಯುವ, ಬೀಗ ನೋಡಿ ಬರುವ ಗೀಳಿಗೆ ಬೇರೆಯೇ ತರಬೇತಿ ಬೇಕು. ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ಮಕ್ಕಳನ್ನು ನೋಡಿದವರೇ ಬೇಕು. ಹೆಣ್ಣುಮಕ್ಕಳಿಗೆ ಮೇಡಂ ಹತ್ತಿರವೇ ಹೇಳಿಕೊಳ್ಳಬೇಕು ಅನಿಸಿದರೆ ಅದನ್ನೂ ಹೇಳಿ. ರಾಯಚೂರು ಕಡೆ ಮನೆಮಾತು ತೆಲುಗು, ಉರ್ದು ಇರುವವರು ಆ ಭಾಷೆ ಬರುತ್ತದಾ ಅಂತ ಕೇಳಿ. ಅಳು ಬಂದಾಗ ಹುಡುಕಿ ಹುಡುಕಿ ಮಾತಾಡಲು ಆಗುವುದಿಲ್ಲ.

ಮೊದಲ ಭೇಟಿಯಲ್ಲಿ ಏನು ನೋಡಬೇಕು

ಮೊದಲ ದಿನ ಹೆಚ್ಚಾಗಿ ಅವರೇ ಕೇಳುತ್ತಾರೆ. ಅವತ್ತೇ ಹಗುರಾಗಬೇಕು ಎಂದೇನಿಲ್ಲ. ಕೆಲವರಿಗೆ ಇನ್ನಷ್ಟು ಭಾರ ಅನಿಸುತ್ತದೆ, ಅದೂ ಸಹಜವೇ. ಜೊತೆಗೆ ಬಂದ ಗಂಡನೋ ಅಣ್ಣನೋ ನಿಮ್ಮ ಪರವಾಗಿ ಮಾತಾಡಲು ಶುರು ಮಾಡಿದರೆ, 'ಸ್ವಲ್ಪ ಹೊತ್ತು ನಾನೊಬ್ಬಳೇ ಮಾತಾಡಲಾ?' ಎಂದು ಕೇಳಿ. ಒಳ್ಳೆಯವರಾದರೆ ನೀವು ಕೇಳುವ ಮೊದಲೇ ಅವರನ್ನು ಹೊರಗೆ ಕೂರಿಸುತ್ತಾರೆ. ನೀವು ಹೇಳಿದ್ದು ಗುಟ್ಟಾಗಿ ಇರಬೇಕು ಎನ್ನುವುದು 2017ರ ಕಾಯ್ದೆ ಕೊಟ್ಟ ಹಕ್ಕು. ಯಾರದಾದರೂ ಜೀವಕ್ಕೆ ಅಪಾಯ ಇದ್ದಾಗ, ಕೋರ್ಟ್ ಕೇಳಿದಾಗ, ಇಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ.

ಎರಡು-ಮೂರು ಸಲ ಹೋದ ಮೇಲೆ ಲೆಕ್ಕ ಹಾಕಿ. ನಿಮ್ಮ ತೊಂದರೆ ಏನು ಅಂತ ನಿಮಗೆ ಅರ್ಥವಾಗುವ ಹಾಗೆ ಹೇಳಿದರಾ? ಮುಂದೆ ಏನು ಮಾಡುತ್ತೇವೆ, ಸುಮಾರು ಎಷ್ಟು ಸಲ ಬರಬೇಕು ಅಂತ ಹೇಳಿದರಾ? ಹೋದ ಸಲ ಹೇಳಿದ್ದು ಅವರಿಗೆ ನೆನಪಿದೆಯಾ? 'ನಿಮ್ಮ ಈ ಮಾತು ನನಗೆ ಸರಿ ಅನಿಸಲಿಲ್ಲ' ಎಂದರೆ ಕೇಳಿಸಿಕೊಳ್ಳುತ್ತಾರಾ? ಮದುವೆ ಮಾಡಿದರೆ ಸರಿಹೋಗುತ್ತದೆ ಅನ್ನುವವರು, ಜಾತಿ ಕೇಳುವವರು, ತಮ್ಮ ಮನೆ ಕಥೆ ಹೇಳುವವರು, ರಾತ್ರಿ ಹೊತ್ತು ಬೇಡದ ಮೆಸೇಜ್ ಕಳಿಸುವವರು — ಇಂಥವರ ಹತ್ತಿರ ಮತ್ತೆ ಹೋಗಬೇಡಿ.

ದೇವರ ವಿಷಯ ಬಂದೇ ಬರುತ್ತದೆ. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಹೋಗಿ ಬಂದರೆ, ದರ್ಗಾದಲ್ಲಿ ತಾಯಿತ ಕಟ್ಟಿಸಿಕೊಂಡರೆ ಥೆರಪಿಗೆ ಅಡ್ಡಿಯಿಲ್ಲ. ಅದನ್ನು ಹೇಳಿದಾಗ ನಗುವ ಥೆರಪಿಸ್ಟ್ ನಿಮಗೆ ಹೊಂದುವುದಿಲ್ಲ. ಹಾಗೆಯೇ 'ಗುಳಿಗೆ ಬಿಡು, ಆಮೇಲೆ ನೋಡೋಣ' ಅನ್ನುವ ಪೂಜಾರಿಯ ಮಾತನ್ನೂ ಕೇಳಬೇಡಿ.

ಹೊಂದಲಿಲ್ಲ ಅಂದರೆ

ಬದಲಾಯಿಸಿ. ಅವರು ಬೇಜಾರಾಗುತ್ತಾರೆ ಎಂದು ಎಳೆಯುತ್ತಾ ಕೂರುವುದು ನಮ್ಮಲ್ಲಿ ಜಾಸ್ತಿ. 'ಮೇಡಂ, ನನಗೆ ಇದು ಕೆಲಸ ಮಾಡ್ತಾ ಇಲ್ಲ ಅನಿಸ್ತಿದೆ, ಬೇರೆ ಯಾರನ್ನಾದರೂ ಹೇಳ್ತೀರಾ?' ಎಂದರೆ ಸಾಕು. ಅನುಭವ ಇರುವವರು ತಾವೇ ಇನ್ನೊಬ್ಬರ ಹೆಸರು ಹೇಳುತ್ತಾರೆ. ಹೇಳಲು ಸಂಕೋಚ ಆದರೆ ಫೋನ್‌ನಲ್ಲಿ ತಿಳಿಸಿದರೂ ನಡೆಯುತ್ತದೆ. ಆದರೆ ಕಷ್ಟದ ವಿಷಯ ಮುಟ್ಟಿದ ದಿನವೇ ಸಿಟ್ಟು ಬಂದು ಬಿಡುತ್ತಿದ್ದೀರಾ ಅಂತ ಒಮ್ಮೆ ಯೋಚಿಸಿ. ಹಾಗಿದ್ದರೆ ಇನ್ನೊಂದು ಸಲ ಹೋಗಿ ಆ ಸಿಟ್ಟನ್ನೇ ಹೇಳಿ.

ಥೆರಪಿಸ್ಟ್ ಬದಲಾದರೂ ಔಷಧಿ ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಖಿನ್ನತೆಯ ಗುಳಿಗೆಗೆ ಪರಿಣಾಮ ತೋರಿಸಲು ಕೆಲವು ವಾರ ಬೇಕು. ಒಮ್ಮೆಲೇ ಬಿಟ್ಟರೆ ತಲೆ ಸುತ್ತು, ನಿದ್ದೆಗೇಡು ಶುರುವಾಗಬಹುದು. ಹೊಸಬರ ಹತ್ತಿರ ಹೋಗುವಾಗ ಹಳೆಯ ಫೈಲ್ ತೆಗೆದುಕೊಂಡು ಹೋಗಿ, ನಿಮ್ಮ ಚಿಕಿತ್ಸೆಯ ದಾಖಲೆ ಕೇಳಿ ಪಡೆಯುವ ಹಕ್ಕು ನಿಮಗಿದೆ. ಒಪಿಡಿ ಚೀಟಿಗಳು ಮಡಚಿ ಮಡಚಿ ಹರಿದುಹೋಗುತ್ತವೆ, ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.