ಟೈರ್ ಗಾಳಿ ಬೆಳಗ್ಗೆಯೇ ನೋಡಿ

ಪೆಟ್ರೋಲ್ ಉಳಿಸಲು ಹೊಸ ಕಾರು ಹುಡುಕುವ ಮೊದಲು ಇರುವ ಕಾರಿನ ಟೈರ್ ನೋಡಿ. ಎಷ್ಟು ಗಾಳಿ ಬೇಕು ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆಗೆದ ಕಡೆ ಸ್ಟಿಕ್ಕರ್ ಅಂಟಿಸಿರುತ್ತಾರೆ. ನನ್ನದರಲ್ಲಿ 33 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಇದೆ. ಬಂಕ್ ಹುಡುಗ ಕೇಳದೇ 28 ಹಾಕುತ್ತಿದ್ದ, ನಾನೂ ಎರಡು ವರ್ಷ ಸುಮ್ನೆ ಹಾಕಿಸಿಕೊಂಡೆ! ಟೈರ್ ಮೇಲೆ ಅಚ್ಚಾಗಿರುವ ಸಂಖ್ಯೆ ಗರಿಷ್ಠ ಮಿತಿ, ಅಷ್ಟು ತುಂಬಿಸಬೇಡಿ.

ಗಾಡಿ ತಣ್ಣಗಿರುವಾಗಲೇ ಅಳೆಯಿರಿ. ಓಡಿಸಿದ ಮೇಲೆ ಟೈರ್ ಬಿಸಿಯಾಗಿ ಜಾಸ್ತಿ ತೋರಿಸುತ್ತದೆ. ಗಾಳಿ ಕಡಿಮೆ ಇದ್ದರೆ ಟೈರ್ ಚಪ್ಪಟೆಯಾಗಿ ಉರುಳುತ್ತದೆ, ಇಂಜಿನ್‌ಗೆ ಹೊರೆ ಜಾಸ್ತಿ, ಪೆಟ್ರೋಲೂ ಜಾಸ್ತಿ ಉರಿಯುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಗೊತ್ತಲ್ವಾ?

ಉದ್ದ ಸಿಗ್ನಲ್‌ನಲ್ಲಿ ಇಂಜಿನ್ ಆಫ್ ಮಾಡಿ. ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಗಾಳಿ ಹಾಕಿಸಿ, ಎಲ್ಲರೂ ಮರೆಯುವುದು ಅದನ್ನೇ.