ಆಲ್ಗೋಲ್ ಗ್ರಹಣದ ನಡುಹೊತ್ತನ್ನು ಸಾದಾ ಕ್ಯಾಮೆರಾದಲ್ಲಿ ಅಳೆಯುವುದು: ನನ್ನ ಅನುಭವ

ಪರ್ಸಿಯಸ್ ನಕ್ಷತ್ರಪುಂಜದ ಆಲ್ಗೋಲ್ ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರ. ಮಂಕಾದದ್ದು ಹೊಳೆಯುವುದನ್ನು ಮರೆಮಾಡಿದಾಗ, 2.8673 ದಿನಕ್ಕೊಮ್ಮೆ, ಅದು 2.1ರಿಂದ 3.4 ಕಾಂತಿಮಾನಕ್ಕೆ (ಸಂಖ್ಯೆ ಹೆಚ್ಚಿದಷ್ಟೂ ಮಂಕು) ಇಳಿಯುತ್ತದೆ. ಗ್ರಹಣ ಸುಮಾರು ಹತ್ತು ಗಂಟೆಯದು. ನಾನು ಅಳೆಯುವುದು ಅದರ ಕನಿಷ್ಠದ, ಅಂದರೆ ನಕ್ಷತ್ರ ತೀರಾ ಮಂಕಾಗಿರುವ ಹೊತ್ತನ್ನು. ಡಿಎಸ್‌ಎಲ್‌ಆರ್, 50 ಎಂಎಂ ಲೆನ್ಸ್, ಟ್ರೈಪಾಡ್ ಇದ್ದರೆ ಸಾಕು, ಟ್ರ್ಯಾಕಿಂಗ್ ಬೇಡ.

ಮೂರು ರಾತ್ರಿಗೊಮ್ಮೆ ಬರುವ ಕನಿಷ್ಠ ಪ್ರತಿ ಸಲವೂ 3 ಗಂಟೆ 11 ನಿಮಿಷ ಮುಂಚೆ ಬರುತ್ತದೆ. ಬೆಳಗಿನ ಜಾವ 2ಕ್ಕೆ ಒಂದು ಬಂದರೆ ಮುಂದಿನದು ರಾತ್ರಿ 10:49ಕ್ಕೆ, ಅದರಾಚೆಯದು 7:38ಕ್ಕೆ. ನನ್ನ ಆಯ್ಕೆ ನಡುವಿನದು. ಡಿಸೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ ಆ ಹೊತ್ತಿಗೆ ನಕ್ಷತ್ರ 62 ಡಿಗ್ರಿ ಎತ್ತರದಲ್ಲಿರುತ್ತದೆ.

ರಾ ಫೈಲ್, ಐಎಸ್‌ಓ 200, ಎಫ್/4, 8 ಸೆಕೆಂಡು. ಫೋಕಸ್ ಬೇಕೆಂದೇ ಸ್ವಲ್ಪ ತಪ್ಪಿಸಿ, ನಕ್ಷತ್ರ ಹತ್ತು-ಹನ್ನೆರಡು ಪಿಕ್ಸೆಲ್ ಅಗಲಕ್ಕೆ ಹರಡಲಿ. ಚೂಪಾಗಿದ್ದರೆ ಬೆಳಕೆಲ್ಲ ಒಂದೆರಡು ಪಿಕ್ಸೆಲ್ಲಿಗೆ ಬಿದ್ದು, ಹಸಿರು ಪಿಕ್ಸೆಲ್ಲಿಗೆ ಬಿತ್ತೋ ಕೆಂಪಿಗೆ ಬಿತ್ತೋ ಎಂಬುದರ ಮೇಲೆ ಅಳತೆ ಕುಣಿಯುತ್ತದೆ. ಹಸಿರು ಚಾನೆಲ್ ಮಾತ್ರ ಬಳಸಿ. ಹತ್ತು ಫ್ರೇಮಿನ ಸರಾಸರಿಯನ್ನು ಒಂದು ಬಿಂದುವೆಂದು ಹಿಡಿಯಿರಿ, ಮಿನುಗಾಟ ತಗ್ಗುತ್ತದೆ.

ಆಲ್ಗೋಲ್ ಬೆಳಕನ್ನು ಹೋಲಿಸಿ ಅಳೆಯಲು ಅದೇ ಪುಂಜದ ಎಪ್ಸಿಲಾನ್ ಪರ್ಸಿ (2.9), ಆ ಹೋಲಿಕೆ ಸರಿಯಿದೆಯೇ ಎಂಬ ಪರೀಕ್ಷೆಗೆ ಡೆಲ್ಟಾ ಪರ್ಸಿ (3.0). ಎರಡೂ ಆಲ್ಗೋಲ್‌ನಂತೆ ನೀಲಿಬಿಳಿ. ಎರಡೇ ಡಿಗ್ರಿ ದೂರದ ರೋ ಪರ್ಸಿ ಕೈಗೆ ಸಿಕ್ಕಂತಿದ್ದರೂ ಮುಟ್ಟಬೇಡಿ. ಅದೂ 3.3ರಿಂದ 4.0ರವರೆಗೆ ಬದಲಾಗುವ ಕೆಂಪು ನಕ್ಷತ್ರ. ಎಪ್ಸಿಲಾನ್ ಒಂಬತ್ತು ಡಿಗ್ರಿ ಪೂರ್ವಕ್ಕಿದೆ. ಆದ್ದರಿಂದ ಪಶ್ಚಿಮಕ್ಕಿಳಿದ ಆಲ್ಗೋಲ್ ಅದಕ್ಕಿಂತ ದಪ್ಪ ವಾತಾವರಣದ ಮೂಲಕ ಕಾಣುತ್ತದೆ, ಸುಳ್ಳೇ ಮಂಕು ಸೇರಿಕೊಳ್ಳುತ್ತದೆ. 35 ಡಿಗ್ರಿಗಿಂತ ಕೆಳಗಿನ ಬಿಂದುಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹೊಸಬರು ಎಡವುವುದು ಸಮಯ ಲೆಕ್ಕಹಾಕುವಲ್ಲಿ. ಕನಿಷ್ಠದ ಆಸುಪಾಸಿನಲ್ಲಿ ಬೆಳಕು ತೀರಾ ನಿಧಾನ ಬದಲಾಗುತ್ತದೆ, ತಳದ ಒಂದು ಗಂಟೆಯ ಚಿತ್ರಗಳಿಂದ ನಿಖರ ಹೊತ್ತು ಸಿಗದು. ಹೊತ್ತನ್ನು ಹೇಳುವುದು ಇಳಿಜಾರು ಮತ್ತು ಏರು. ಎರಡೂ ಕಡೆ ಕಡಿಮೆಯೆಂದರೂ ಎರಡೂವರೆ ಗಂಟೆ ಬೇಕು, ಅದೂ ಸಮನಾಗಿ. ಒಂದು ಬದಿ ಮೋಡಕ್ಕೆ ಹೋದರೆ ಆ ರಾತ್ರಿಯನ್ನು ಕೈಬಿಡುವುದೇ ಮೇಲು. ಒಂದೇ ಕಾಂತಿಮಾನದಲ್ಲಿ ಎರಡೂ ಬದಿಯನ್ನು ಸೇರಿಸುವ ಅಡ್ಡಗೆರೆಗಳನ್ನೆಳೆದು ನಡುಬಿಂದು ಗುರುತಿಸಬಹುದು. ಕನಿಷ್ಠದ ಹೊತ್ತನ್ನು ಲೆಕ್ಕದಿಂದ ಹುಡುಕುವ ಕ್ವೀ–ಫಾನ್ ವೂರ್ಡನ್ ವಿಧಾನವೂ ಎರಡೂ ಬದಿಯ ಈ ಸಮತೆಯನ್ನೇ ನೆಚ್ಚಿದೆ.

ಕ್ಯಾಮೆರಾ ಗಡಿಯಾರವನ್ನು ನಂಬದೆ, ಮೊದಲಲ್ಲೂ ಕೊನೆಯಲ್ಲೂ ಫೋನಿನ ಸಮಯದ ಚಿತ್ರ ತೆಗೆದಿಡಿ. ಭಾರತೀಯ ಸಮಯದಿಂದ ಐದೂವರೆ ಗಂಟೆಯನ್ನು ಕಳೆದು ವಿಶ್ವ ಸಮಯಕ್ಕೆ ತಂದ ಮೇಲೆ ಸೂರ್ಯಕೇಂದ್ರೀಯ ತಿದ್ದುಪಡಿ (ಬೆಳಕು ಭೂಮಿಯ ಬದಲು ಸೂರ್ಯನನ್ನು ತಲುಪುವ ಹೊತ್ತಿಗೆ ಬದಲಿಸುವುದು) ಹಾಕಿ, ಆಲ್ಗೋಲ್‌ಗೆ ಅದು ಏಳು ನಿಮಿಷ ಮೀರಬಹುದು. ಇಷ್ಟಾದರೂ ಮೊದಲೇ ಲೆಕ್ಕಹಾಕಿಟ್ಟ ಹೊತ್ತಿಗೆ ಕೆಲವು ನಿಮಿಷ ವ್ಯತ್ಯಾಸ ಉಳಿದರೆ ಗಾಬರಿ ಬೇಡ: 1.86 ವರ್ಷಕ್ಕೊಂದು ಸುತ್ತು ಹಾಕುವ ಮೂರನೇ ಸಂಗಾತಿ ಈ ಜೋಡಿಯನ್ನು ನಮ್ಮತ್ತ, ಆಚೆಗೆ ಎಳೆದಾಡುತ್ತಿರುತ್ತದೆ, ಅದರಿಂದ ಬೆಳಕು ಕೊಂಚ ಬೇಗ ಇಲ್ಲವೇ ತಡವಾಗಿ ನಮ್ಮನ್ನು ತಲುಪುತ್ತದೆ.