ಕೋರಿದ ಹಣ, ಮಂಜೂರಾದ ಹಣ, ಕೈಗೆ ಬಂದ ಹಣ

ವಿದೇಶಿ ನೆರವಿನಿಂದ ಆರೋಗ್ಯ ಕಾರ್ಯಕ್ರಮಗಳನ್ನು ನಡೆಸುವ ಸಂಸ್ಥೆಯೊಂದರಲ್ಲಿ, ಅಮೆರಿಕದ ಬಜೆಟ್ ಚರ್ಚೆಗಳನ್ನು ಓದಿ, ಅವುಗಳಿಂದ ನಮ್ಮ ಮುಂದಿನ ವರ್ಷದ ಕೆಲಸಕ್ಕೆ ಏನಾಗಬಹುದೆಂದು ಟಿಪ್ಪಣಿ ಬರೆದುಕೊಡುವುದು ಹಲವು ವರ್ಷಗಳಿಂದ ನನ್ನ ಹೊಣೆ. ಈ ಕೆಲಸದಲ್ಲಿ ನಾನು ಎರಡು ಬಾರಿ ದೊಡ್ಡದಾಗಿ ಎಡವಿದ್ದೇನೆ. ಮೊದಲ ಸಲ ಹೆದರಿ, ಎರಡನೆಯ ಸಲ ನಂಬಿ.

ಮೊದಲನೆಯದು 2017ರಲ್ಲಿ. ಅಮೆರಿಕದ ವಿದೇಶಾಂಗ ಇಲಾಖೆ ಮತ್ತು ವಿದೇಶಿ ನೆರವನ್ನು ಹಂಚುತ್ತಿದ್ದ ಸಂಸ್ಥೆ ಯುಎಸ್ಏಡ್‌ಗೆ ಸಲ್ಲುವ ಹಣವನ್ನು ಸುಮಾರು ಶೇ. 30ರಷ್ಟು ಕಡಿತಗೊಳಿಸುವ ಪ್ರಸ್ತಾವವನ್ನು ಟ್ರಂಪ್ ಆಡಳಿತ ಮುಂದಿಟ್ಟಾಗ, ನಾನು ಆ ಅಂಕಿಯನ್ನೇ ಟಿಪ್ಪಣಿಯ ತಲೆಬರಹ ಮಾಡಿದೆ. ಅದನ್ನು ಓದಿದ ನಮ್ಮ ಹಿರಿಯರು ಹೊಸ ನೇಮಕಾತಿಗಳನ್ನು ನಿಲ್ಲಿಸಿದರು. ಆದರೆ ಅಮೆರಿಕದ ಸಂವಿಧಾನದ ಪ್ರಕಾರ ಖಜಾನೆಯ ಬೀಗದ ಕೈ ಇರುವುದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಬಳಿ. ಅಧ್ಯಕ್ಷರು ಕಳುಹಿಸುವ ಬಜೆಟ್ ಒಂದು ಕೋರಿಕೆ ಮಾತ್ರ. ಆ ವರ್ಷ 120ಕ್ಕೂ ಹೆಚ್ಚು ನಿವೃತ್ತ ಸೇನಾಧಿಕಾರಿಗಳು ಈ ಕಡಿತವನ್ನು ವಿರೋಧಿಸಿ ಕಾಂಗ್ರೆಸ್ಸಿನ ನಾಯಕರಿಗೆ ಪತ್ರ ಬರೆದಿದ್ದರು. ವಿದೇಶಾಂಗ ಇಲಾಖೆಗೆ ಪೂರ್ತಿ ಹಣ ಕೊಡದಿದ್ದರೆ ತಾನು ಹೆಚ್ಚು ಮದ್ದುಗುಂಡು ಕೊಳ್ಳಬೇಕಾಗುತ್ತದೆ ಎಂದು ಜನರಲ್ ಜೇಮ್ಸ್ ಮ್ಯಾಟಿಸ್ 2013ರಲ್ಲೇ ಸೆನೆಟ್ ಸಮಿತಿಯ ಮುಂದೆ ಹೇಳಿದ್ದ ಮಾತು ಮತ್ತೆ ಮತ್ತೆ ಕೇಳಿಬಂತು. ರಾಜತಾಂತ್ರಿಕತೆಯ ಪರವಾಗಿ ರಾಜತಾಂತ್ರಿಕರು ಆಡಿದ ಮಾತಿಗಿಂತ ಸೈನಿಕರು ಆಡಿದ ಮಾತಿಗೆ ಅಲ್ಲಿ ತೂಕ ಹೆಚ್ಚು ಎಂಬುದನ್ನು ನಾನು ಗಮನಿಸಿದ್ದು ಆಗಲೇ. ಕೊನೆಗೆ 2018ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಆ ಕಡಿತವನ್ನು ಬಹುಮಟ್ಟಿಗೆ ತಳ್ಳಿಹಾಕಿತು. ನಾವು ನೇಮಿಸಿಕೊಳ್ಳದೆ ಬಿಟ್ಟವರು ಅಷ್ಟರಲ್ಲಿ ಬೇರೆಡೆ ಸೇರಿಕೊಂಡಿದ್ದರು.

ಅಲ್ಲಿಂದ ಮುಂದೆ ಓದುವ ಕ್ರಮವನ್ನೇ ಬದಲಿಸಿಕೊಂಡೆ. ಅಧ್ಯಕ್ಷರ ಕೋರಿಕೆಯನ್ನು ಬದಿಗಿಟ್ಟು, ಎರಡೂ ಸದನಗಳ ಅನುದಾನ ಉಪಸಮಿತಿಗಳ ಮಸೂದೆಗಳನ್ನೂ, ಅವುಗಳ ಜೊತೆಗಿರುವ ವಿವರಣಾ ವರದಿಗಳನ್ನೂ ಸಾಲು ಸಾಲಾಗಿ ಓದತೊಡಗಿದೆ. ಒಟ್ಟು ಮೊತ್ತ ಹೇಳದ ಸಂಗತಿಗಳು ಅಲ್ಲಿರುತ್ತವೆ: ರಾಯಭಾರ ಕಚೇರಿಗಳ ಭದ್ರತೆಗೆ ಹೆಚ್ಚು ಹಣ ಸಿಕ್ಕು ಆರೋಗ್ಯದ ಹಣ ಕುಗ್ಗಿದರೂ ಒಟ್ಟು ಮೊತ್ತ ಹಾಗೆಯೇ ಉಳಿಯಬಹುದು. 2012ರಿಂದ ಸುಮಾರು ಒಂದು ದಶಕದವರೆಗೆ ಈ ಬಾಬ್ತಿನ ಒಂದು ಪಾಲು ಸಾಗರೋತ್ತರ ಕಾರ್ಯಾಚರಣೆಗಳೆಂಬ ಪ್ರತ್ಯೇಕ ಶೀರ್ಷಿಕೆಯಲ್ಲಿ ಬರುತ್ತಿತ್ತು. ಅದನ್ನು ಸೇರಿಸದೆ ಎರಡು ವರ್ಷಗಳನ್ನು ಹೋಲಿಸಿದವರಿಗೆ ಇಲ್ಲದ ಕಡಿತ ಕಾಣುತ್ತಿತ್ತು, ಇರುವ ಕಡಿತ ಕಾಣದೆ ಹೋಗುತ್ತಿತ್ತು. ಇಷ್ಟೆಲ್ಲ ಜಟಾಪಟಿ ನಡೆಯುವುದು ಆ ದೇಶದ ಕೇಂದ್ರ ಸರ್ಕಾರದ ವೆಚ್ಚದ ಸುಮಾರು ಶೇ. 1ರಷ್ಟು ಹಣಕ್ಕಾಗಿ. ಸಮೀಕ್ಷೆಗಳಲ್ಲಿ ಅಲ್ಲಿನ ಜನರನ್ನು ಕೇಳಿದಾಗ ಬರುವ ಸರಾಸರಿ ಊಹೆ ಮಾತ್ರ ಕಾಲುಭಾಗದ ಆಸುಪಾಸಿನಲ್ಲಿರುತ್ತದೆ.

ಬ್ರಿಟನ್ನಿನ ಲೆಕ್ಕ ಬೇರೆ ಬಗೆಯದು. ಅಲ್ಲಿ ನೆರವನ್ನು ರಾಷ್ಟ್ರೀಯ ಆದಾಯದ ಪಾಲಾಗಿ ನಿಗದಿಪಡಿಸಲಾಗುತ್ತದೆ. ಶೇ. 0.7ರ ಗುರಿಯನ್ನು 2015ರಲ್ಲಿ ಕಾನೂನಾಗಿಸಿದ್ದರೂ, 2021ರಲ್ಲಿ ಅದು ಶೇ. 0.5ಕ್ಕೆ ಇಳಿಯಿತು, ಆ ಜುಲೈನಲ್ಲಿ ಸಂಸತ್ತಿನ ಕೆಳಮನೆ 333–298 ಮತಗಳಿಂದ ಸರ್ಕಾರದ ನಿಲುವನ್ನು ಒಪ್ಪಿತು. ಉಳಿದ ಮೊತ್ತವೂ ಪೂರ್ತಿಯಾಗಿ ಹೊರದೇಶಗಳಿಗೆ ಹೋಗುವುದಿಲ್ಲ, ಏಕೆಂದರೆ ದೇಶದೊಳಗೆ ಆಶ್ರಯ ಪಡೆದವರ ಮೊದಲ ವರ್ಷದ ವೆಚ್ಚವನ್ನೂ ನೆರವೆಂದೇ ಲೆಕ್ಕ ಹಾಕಲು ಅಂತರರಾಷ್ಟ್ರೀಯ ನಿಯಮದಲ್ಲಿ ಅವಕಾಶವಿದೆ. 2022ರಲ್ಲಿ ನೆರವಿನ ಕಾಲುಭಾಗಕ್ಕಿಂತ ಹೆಚ್ಚು ಹಣ ಹೀಗೆ ಬ್ರಿಟನ್ನಿನೊಳಗೇ ಖರ್ಚಾಯಿತು. ಈಗ 2027ಕ್ಕೆ ಶೇ. 0.3 ಎಂಬ ಘೋಷಣೆಯಾಗಿದ್ದು, ಈ ಕಡಿತದಿಂದ ಉಳಿತಾಯವಾಗುವ ಹಣ ರಕ್ಷಣಾ ವೆಚ್ಚಕ್ಕೆ ಸಲ್ಲಲಿದೆ.

ನನ್ನ ಎರಡನೆಯ ತಪ್ಪು 2025ರದು. ಜನವರಿ 20ರ ಅಧ್ಯಕ್ಷೀಯ ಆದೇಶದಿಂದ ನೆರವು 90 ದಿನಗಳ ಮಟ್ಟಿಗೆ ಸ್ಥಗಿತಗೊಂಡಿತ್ತು. ಆದರೂ ಮಾರ್ಚ್‌ನಲ್ಲಿ ಕಾಂಗ್ರೆಸ್ ಇಡೀ ವರ್ಷದ ಅನುದಾನವನ್ನು ಬಹುತೇಕ ಹಿಂದಿನ ಮಟ್ಟದಲ್ಲೇ ಮುಂದುವರಿಸಿದ್ದನ್ನು ಕಂಡು, ಕಾನೂನು ಆದ ಮೇಲೆ ಹಣ ಬಂದೇ ಬರುತ್ತದೆ ಎಂದು ಬರೆದುಬಿಟ್ಟೆ. 2017ರ ಪಾಠವನ್ನು ಅತಿಯಾಗಿ ಕಲಿತಿದ್ದೆನೆಂದು ಈಗ ಅನಿಸುತ್ತದೆ. 1974ರ ಕಾಯ್ದೆಯೊಂದರ ಪ್ರಕಾರ, ಮಂಜೂರಾದ ಹಣವನ್ನು ಹಿಂಪಡೆಯುವಂತೆ ಅಧ್ಯಕ್ಷರು ಕೋರಬಹುದು. ಕಾಂಗ್ರೆಸ್ ಅದನ್ನು ಪರಿಶೀಲಿಸುವ 45 ದಿನ ಆ ಹಣವನ್ನು ತಡೆಹಿಡಿಯಲೂಬಹುದು. ಸಾಮಾನ್ಯ ಅನುದಾನ ಮಸೂದೆಗೆ ಸೆನೆಟ್‌ನಲ್ಲಿ ವಾಸ್ತವವಾಗಿ 60 ಮತಗಳು ಬೇಕಾದರೆ, ಹಿಂಪಡೆಯುವ ಮಸೂದೆಗೆ ಸರಳ ಬಹುಮತ ಸಾಕು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ಯಾರೂ ಈ ಪ್ರಮಾಣದಲ್ಲಿ ಬಳಸಲಾರರೆಂದು ಭಾವಿಸಿದ್ದೆ. ಜುಲೈನಲ್ಲಿ ಸೆನೆಟ್ 51–48ರಿಂದ ಒಪ್ಪಿದ ಸುಮಾರು 900 ಕೋಟಿ ಡಾಲರ್‌ಗಳ ಹಿಂಪಡೆತದಲ್ಲಿ ಸುಮಾರು 800 ಕೋಟಿ ವಿದೇಶಿ ನೆರವಿನದಾಗಿತ್ತು. ಏಡ್ಸ್ ವಿರುದ್ಧದ ಪೆಪ್‌ಫಾರ್ ಕಾರ್ಯಕ್ರಮದ 40 ಕೋಟಿ ಡಾಲರ್ ಮಾತ್ರ ಸೆನೆಟರ್‌ಗಳ ಆಕ್ಷೇಪದಿಂದಾಗಿ ಪಟ್ಟಿಯಿಂದ ಹೊರಬಂತು. ಆಗಸ್ಟ್ ಕೊನೆಗೆ ಇನ್ನೂ 490 ಕೋಟಿ ಡಾಲರ್‌ಗಳಿಗೆ ಅಂಥದೇ ಕೋರಿಕೆ ಬಂತು. ಹಣಕಾಸು ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುವುದರಿಂದ, 45 ದಿನ ತುಂಬುವುದರೊಳಗೆ ಆ ಹಣದ ಅವಧಿಯೇ ತೀರಿ, ಕಾಂಗ್ರೆಸ್ ಒಪ್ಪದಿದ್ದರೂ ಅದು ಖರ್ಚಾಗದೆ ಹೋಗುವಂತಿತ್ತು.

ಈಗ ನನ್ನ ಟಿಪ್ಪಣಿಯಲ್ಲಿ ಒಂದೊಂದು ಬಾಬ್ತಿಗೂ ಕೋರಿದ್ದೆಷ್ಟು, ಮಂಜೂರಾದದ್ದೆಷ್ಟು, ಕರಾರಿಗೆ ಸಹಿ ಬಿದ್ದದ್ದೆಷ್ಟು, ನಮ್ಮ ಖಾತೆಗೆ ಬಂದದ್ದೆಷ್ಟು ಎಂದು ಬೇರೆ ಬೇರೆಯಾಗಿ ಬರೆಯುತ್ತೇನೆ. ಹಣದ ಅವಧಿ ಮುಗಿಯುವ ದಿನಾಂಕವನ್ನು ಎಲ್ಲಕ್ಕಿಂತ ಮೊದಲು ಹಾಕುತ್ತೇನೆ. ನೇಮಕಾತಿಯ ಪ್ರಶ್ನೆ ಬಂದಾಗ ನಮ್ಮ ನಿರ್ದೇಶಕರು ಆ ದಿನಾಂಕವನ್ನು ನೋಡಿ, ನೇರವಾಗಿ ಕೊನೆಯ ಅಂಕಣಕ್ಕೆ ಹೋಗುತ್ತಾರೆ. ನಡುವಿನವನ್ನು ಓದುವವನು ಬಹುಶಃ ನಾನೊಬ್ಬನೇ.